ವಾಯಿದೆ ತಪ್ಪಿತೇ? ವಾರಂಟ್ ಮನೆ ಬಾಗಿಲಿಗೆ ಬರುವ ಮೊದಲು ಮಾಡಬೇಕಾದ ಕೆಲಸಗಳು

ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಹಾಳೆಯಲ್ಲಿ ಮಾತು ಬಹಳ ಕಡಿಮೆ. ಕೇಸಿನ ನಂಬರು ಕೂಗಿದಾಗ ಆರೋಪಿ ಇಲ್ಲ, ಅವನ ಪರವಾಗಿ ಎದ್ದು ನಿಲ್ಲುವವರೂ ಇಲ್ಲ ಎಂದಾದರೆ ಅಲ್ಲಿ ಬೀಳುವುದು ಒಂದೂವರೆ ಸಾಲು: ‘ಆರೋಪಿ ಗೈರು. ಇ.ಪಿ. ಇಲ್ಲ. ಜಾಮೀನುರಹಿತ ವಾರಂಟ್ ಹೊರಡಿಸಿ. ಜಾಮೀನುದಾರರಿಗೆ ನೋಟಿಸ್.’ ಅದಕ್ಕೆ ಹಿಂದಿನ ಕೇಸಿನ ಆರೋಪಿಯೂ ಅಂದು ಬಂದಿರುವುದಿಲ್ಲ. ಆದರೆ ಅವನ ವಕೀಲರು ಒಂದು ಪುಟದ ಅರ್ಜಿ ಕೊಟ್ಟಿರುತ್ತಾರೆ. ಅವನ ಹಾಳೆಯಲ್ಲಿ ‘ಇ.ಪಿ. ಸಲ್ಲಿಸಿದೆ, ಪುರಸ್ಕರಿಸಿದೆ’ ಎಂದಿರುತ್ತದೆ. ಬಾರದವರು ಇಬ್ಬರು, ಪೊಲೀಸರು ಹುಡುಕಿಕೊಂಡು ಹೋಗುವುದು ಒಬ್ಬನನ್ನು ಮಾತ್ರ. ಇ.ಪಿ. ಎಂದರೆ ಆ ಒಂದು ದಿನದ ಮಟ್ಟಿಗೆ ಖುದ್ದು ಹಾಜರಾತಿಯಿಂದ ವಿನಾಯಿತಿ ಕೋರುವ ಅರ್ಜಿ.

ವಾಯಿದೆ ತಪ್ಪುವುದು ಎಲ್ಲರಿಗೂ ಆಗುವಂಥದ್ದೇ. ಕೋರ್ಟು ಸಹಿಸದೆ ಇರುವುದು ಸುದ್ದಿಯೇ ಇಲ್ಲದ ಗೈರನ್ನು. ವಾರಂಟ್ ಹೊರಟ ಮೇಲೂ ಪೊಲೀಸರು ನಿಮ್ಮ ಬಳಿ ಬರುವ ಮೊದಲು ನೀವೇ ಕೋರ್ಟಿನ ಬಳಿ ಹೋದರೆ, ಮೊದಲ ಸಲದ ತಪ್ಪು ಬಹುತೇಕ ಅರ್ಧ ದಿನದಲ್ಲಿ ಸರಿಹೋಗುತ್ತದೆ. ಹೆದರಿ ಊರು ಬಿಟ್ಟವರ ಪಾಡೇ ಬೇರೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಕರ್ನಾಟಕದ ಕ್ರಿಮಿನಲ್ ಕೋರ್ಟುಗಳ ಮಾತು. ಚೆಕ್ ಬೌನ್ಸ್, ಹೊಡೆದಾಟ, ಅಪಘಾತದಂಥ ಕೇಸುಗಳಲ್ಲಿ ಜಾಮೀನಿನ ಮೇಲೆ ಹೊರಗಿರುವವರಿಗೆ ಇದು ಹೆಚ್ಚು ಉಪಯೋಗ. ಸಿವಿಲ್ ದಾವೆಯ ಪ್ರತಿವಾದಿಗಳು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು. ಇನ್ನೊಂದು ಮಾತು: 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅಂದಿಗಾಗಲೇ ವಿಚಾರಣೆಯಲ್ಲಿದ್ದ ಕೇಸುಗಳು ಹಳೆಯ ಕಾನೂನಿನಡಿಯಲ್ಲೇ ಸಾಗುತ್ತವೆ. ನಿಮ್ಮ ವಕೀಲರು ಇ.ಪಿ. ಅರ್ಜಿಯಲ್ಲಿ ಕಲಂ 317 ಎಂದು ಬರೆದು, ಪಕ್ಕದವರ ಅರ್ಜಿಯಲ್ಲಿ ಕಲಂ 355 ಎಂದಿದ್ದರೆ ಗಾಬರಿ ಬೇಡ, ಎರಡೂ ಒಂದೇ. ನಾನು ಇಲ್ಲಿ ಹೊಸ ಸಂಖ್ಯೆಗಳನ್ನೇ ಕೊಡುತ್ತಿದ್ದೇನೆ.

ಇವತ್ತೇ ವಾಯಿದೆ, ನೀವು ಇನ್ನೂ ದಾರಿಯಲ್ಲಿದ್ದೀರಿ

ಬಸ್ ಕೆಟ್ಟಿದೆ, ರೈಲು ತಡವಾಗಿದೆ, ಅಥವಾ ಬೆಂಗಳೂರಿಗೆ ಹೊಸಬರಾದ ನೀವು ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಿಗೆ ಹೋಗುವ ಬದಲು ಮೇಯೋಹಾಲ್‌ಗೆ ಬಂದು ನಿಂತಿದ್ದೀರಿ. ಈ ಕೊನೆಯದು ಆಗುತ್ತಲೇ ಇರುತ್ತದೆ. ಕೋರ್ಟು ಎಂದರೆ ಊರಿಗೊಂದೇ ಕಟ್ಟಡ ಎಂದುಕೊಂಡು ಬರುವವರು ಬಹಳ. ಮೊದಲು ವಕೀಲರಿಗೆ ಫೋನ್ ಮಾಡಿ. ಅವರು ಕೇಸು ಕೂಗಿದಾಗ ‘ಪಾಸ್ ಓವರ್’ ಕೇಳುತ್ತಾರೆ, ಅಂದರೆ ಪಟ್ಟಿಯ ಉಳಿದ ಕೇಸುಗಳಾದ ಮೇಲೆ ಮತ್ತೆ ಕೂಗಿಸುವುದು. ಬರಲು ಆಗುವುದೇ ಇಲ್ಲ ಎಂದಾದರೆ ಅಂದಿನ ಮಟ್ಟಿಗೆ ಇ.ಪಿ. ಹಾಕುತ್ತಾರೆ. ವಕೀಲರೇ ಬೇರೆ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಅವರ ಕಿರಿಯರನ್ನೋ ಸಹೋದ್ಯೋಗಿಯನ್ನೋ ಕಳುಹಿಸಲು ಕೇಳಿ.

ಮಧ್ಯಾಹ್ನ ತಲುಪಿದಿರಿ, ಬೆಳಗ್ಗೆಯೇ ವಾರಂಟ್ ಆದೇಶವಾಗಿದೆ ಎನ್ನಿ. ಹಿಂದಿರುಗಿ ಹೋಗಬೇಡಿ. ನ್ಯಾಯಾಧೀಶರು ಪೀಠದಿಂದ ಏಳುವ ಮೊದಲು ವಕೀಲರ ಮೂಲಕ ಅರ್ಜಿ ಕೊಟ್ಟು, ನೀವು ಕಟಕಟೆಯ ಬಳಿ ನಿಂತರೆ ಅಂದೇ ಆ ಆದೇಶ ಹಿಂಪಡೆಯುವ ಸಾಧ್ಯತೆ ಹೆಚ್ಚು. ವಾರಂಟ್ ಬರೆದು, ಸಹಿಯಾಗಿ, ಠಾಣೆಗೆ ತಲುಪುವ ತನಕ ನಿಮಗೆ ಸಿಗುವ ಅತ್ಯಂತ ಅಗ್ಗದ ಸಮಯ ಇದು.

ಕೇಸು ಎಲ್ಲಿ ನಿಂತಿದೆ ಎಂದು ತಿಳಿಯುವುದು

ವಾಯಿದೆ ತಪ್ಪಿ ವಾರವೋ ತಿಂಗಳೋ ಆಗಿದ್ದರೆ ಊಹಾಪೋಹ ಬಿಟ್ಟು ದಾಖಲೆ ನೋಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಹಿಂದಿನ ಎಲ್ಲ ವಾಯಿದೆಗಳು, ಮುಂದಿನ ದಿನಾಂಕ, ಕೇಸಿನ ಹಂತ ಕಾಣುತ್ತವೆ. ಕರ್ನಾಟಕದ ಸಂಖ್ಯೆಗಳು ‘ಕೆಎ’ ಅಕ್ಷರಗಳಿಂದ ಆರಂಭವಾಗುತ್ತವೆ. ಆ ಸಂಖ್ಯೆ ಗೊತ್ತಿಲ್ಲದಿದ್ದರೆ ಜಿಲ್ಲೆ ಮತ್ತು ಕೋರ್ಟನ್ನು ಆರಿಸಿ ಕೇಸಿನ ನಂಬರಿನಿಂದ ಅಥವಾ ಪಕ್ಷಗಾರರ ಹೆಸರಿನಿಂದಲೂ ಹುಡುಕಬಹುದು. ಹಂತ ಎಂಬಲ್ಲಿ ‘ಸಮನ್ಸ್’ ಎಂದಿದೆಯೋ, ‘ಎನ್‌ಬಿಡಬ್ಲ್ಯೂ’ (ಜಾಮೀನುರಹಿತ ವಾರಂಟ್) ಎಂದಿದೆಯೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಇದನ್ನು ನೀವೇ ನೋಡಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ‘ನಿಮ್ಮ ಮೇಲೆ ಜಾಮೀನುರಹಿತ ವಾರಂಟ್ ಇದೆ, ಈಗಲೇ ಹಣ ಕಳುಹಿಸಿದರೆ ರದ್ದು ಮಾಡುತ್ತೇವೆ’ ಎಂದು ಫೋನ್‌ನಲ್ಲಿ ಬೆದರಿಸುವ ವಂಚಕರು ಈಗ ಊರೂರಿಗೂ ತಲುಪಿದ್ದಾರೆ. ಯಾವ ಕೋರ್ಟೂ ಯಾವ ಠಾಣೆಯೂ ಫೋನ್‌ನಲ್ಲಿ ಹಣ ಕಟ್ಟಿಸಿಕೊಂಡು ವಾರಂಟ್ ರದ್ದು ಮಾಡುವುದಿಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಬಂದರೆ ಇಟ್ಟುಬಿಟ್ಟು 1930ಕ್ಕೆ ದೂರು ಕೊಡಿ.

ಸಮನ್ಸಿನಿಂದ ಘೋಷಣೆಯವರೆಗೆ

ಮೊದಲ ಹಂತ ಸಮನ್ಸ್. ನೀವು ಮನೆಯಲ್ಲಿಲ್ಲದಿದ್ದರೆ ಮನೆಯ ವಯಸ್ಕ ಸದಸ್ಯರ ಕೈಗೆ ಕೊಟ್ಟರೂ ಅದು ಜಾರಿಯಾದಂತೆಯೇ. ಹಳೆಯ ಕಾನೂನಿನಲ್ಲಿ ‘ವಯಸ್ಕ ಪುರುಷ ಸದಸ್ಯ’ ಎಂದಿತ್ತು, ಹೊಸದರಲ್ಲಿ ಆ ಭೇದ ಹೋಗಿದೆ. ನಿಮ್ಮ ತಾಯಿಯೋ ಪತ್ನಿಯೋ ಸಹಿ ಹಾಕಿ ಪಡೆದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ನಿಲ್ಲುವುದು ಕಷ್ಟ. ಎಲೆಕ್ಟ್ರಾನಿಕ್ ವಿಧಾನದಲ್ಲಿ ಸಮನ್ಸ್ ಕಳುಹಿಸಲೂ ಈಗ ಅವಕಾಶವಿದೆ. ಸಮನ್ಸ್ ನಿಜವಾಗಿಯೂ ತಲುಪಿಲ್ಲದಿದ್ದರೆ, ಮನೆ ಬದಲಾಯಿಸಿದ್ದರೆ, ಅದನ್ನು ತೋರಿಸುವ ಬಾಡಿಗೆ ಕರಾರು ಅಥವಾ ಆಧಾರ್ ಪ್ರತಿ ಎತ್ತಿಟ್ಟುಕೊಳ್ಳಿ.

ಎರಡನೆಯದು ಜಾಮೀನುಸಹಿತ ವಾರಂಟ್. ಹೆಸರು ಕೇಳಿ ಜನ ನಡುಗುತ್ತಾರೆ, ಅಷ್ಟು ಬೇಕಿಲ್ಲ. ವಾರಂಟಿನ ಮೇಲೆಯೇ ಕೋರ್ಟು ಇಂತಿಷ್ಟು ಮೊತ್ತ, ಇಷ್ಟು ಜಾಮೀನುದಾರರು ಎಂದು ಬರೆದಿರುತ್ತದೆ. ಪೊಲೀಸರು ಬಂದಾಗ ಅದರಂತೆ ಮುಚ್ಚಳಿಕೆ ಬರೆದುಕೊಟ್ಟರೆ ಅಲ್ಲೇ ಬಿಟ್ಟುಹೋಗಬೇಕು. ಹೇಳಿದ ದಿನ ನೀವು ಕೋರ್ಟಿನಲ್ಲಿರಬೇಕು.

ಮೂರನೆಯದು ಜಾಮೀನುರಹಿತ ವಾರಂಟ್. ಇದು ಬಂದರೆ ಠಾಣೆಯಲ್ಲಿ ಬಿಡುವ ಮಾತಿಲ್ಲ. ಹಿಡಿದು ತಡಮಾಡದೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಕೋರ್ಟಿನ ಮುಂದೆ ನಿಲ್ಲಿಸಬೇಕು. ವೈಯಕ್ತಿಕ ಸ್ವಾತಂತ್ರ್ಯದ ಪ್ರಶ್ನೆಯಾದ್ದರಿಂದ ಮೊದಲು ಸಮನ್ಸ್ ಅಥವಾ ಜಾಮೀನುಸಹಿತ ವಾರಂಟ್ ನೋಡಬೇಕು, ಅದರಿಂದ ಆರೋಪಿ ಬರುವ ಲಕ್ಷಣವಿಲ್ಲ ಎನಿಸಿದಾಗ ಮಾತ್ರ ಇದಕ್ಕೆ ಕೈಹಾಕಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಆದರೆ ನೀವು ಆಗಲೇ ಜಾಮೀನು ಪಡೆದವರಾದರೆ ಈ ಮೆಟ್ಟಿಲುಗಳನ್ನು ನೆಚ್ಚಿಕೊಳ್ಳಬೇಡಿ. ಪ್ರತಿ ವಾಯಿದೆಗೂ ಬರುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟು ಮುರಿದವರ ಮೇಲೆ ಕೋರ್ಟುಗಳು ನೇರವಾಗಿ ಜಾಮೀನುರಹಿತ ವಾರಂಟನ್ನೇ ಹೊರಡಿಸುವುದು ದಿನನಿತ್ಯದ ನೋಟ.

ಇದಕ್ಕೂ ಸಿಗದವರಿಗೆ ಕಲಂ 84ರ ಉದ್ಘೋಷಣೆ. ಕನಿಷ್ಠ 30 ದಿನಗಳ ಗಡುವು ಕೊಟ್ಟು, ಆರೋಪಿ ವಾಸವಿದ್ದ ಊರಿನ ಎದ್ದುಕಾಣುವ ಜಾಗದಲ್ಲಿ ಓದಿ ಹೇಳಿ, ಅವನ ಮನೆಗೂ ಕೋರ್ಟಿನ ಗೋಡೆಗೂ ಪ್ರತಿ ಅಂಟಿಸುತ್ತಾರೆ, ಪತ್ರಿಕೆಯಲ್ಲಿ ಪ್ರಕಟಿಸಲೂಬಹುದು. ಊರ ನಾಲ್ಕು ಜನರ ಮುಂದೆ ಪೊಲೀಸರು ನಿಮ್ಮ ಹೆಸರು ಓದುವ ಹಂತ ಇದು. ಮುಂದೆ ಕಲಂ 85ರಂತೆ ಆಸ್ತಿ ಜಪ್ತಿ. ನಿಮಗೆ ಘೋಷಣೆಯ ಸುಳಿವೇ ಇರಲಿಲ್ಲ, ತಪ್ಪಿಸಿಕೊಂಡು ಹೋಗಿರಲಿಲ್ಲ ಎಂದು ಎರಡು ವರ್ಷಗಳೊಳಗೆ ಬಂದು ರುಜುವಾತುಪಡಿಸಿದರೆ ಆಸ್ತಿಯನ್ನೋ ಅದರ ಮಾರಾಟದ ಹಣವನ್ನೋ ಖರ್ಚು ಕಳೆದು ಹಿಂದಿರುಗಿಸುತ್ತಾರೆ. ಘೋಷಣೆಗೂ ಹಾಜರಾಗದಿರುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 209ರ ಪ್ರಕಾರ ಬೇರೆಯದೇ ಅಪರಾಧ: ಮೂರು ವರ್ಷಗಳವರೆಗೆ ಶಿಕ್ಷೆ, ಗಂಭೀರ ಅಪರಾಧಗಳಲ್ಲಿ ‘ಘೋಷಿತ ಅಪರಾಧಿ’ ಎನಿಸಿಕೊಂಡರೆ ಏಳು ವರ್ಷಗಳವರೆಗೆ. ಅಂಥವರಿಗೆ ನಿರೀಕ್ಷಣಾ ಜಾಮೀನೂ ಸಾಮಾನ್ಯವಾಗಿ ದಕ್ಕುವುದಿಲ್ಲ. ಹೊಸ ಸಂಹಿತೆಯ ಕಲಂ 356 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಘೋಷಿತ ಅಪರಾಧಿ ಇಲ್ಲದೆಯೇ ವಿಚಾರಣೆ ನಡೆಸಿ ತೀರ್ಪನ್ನೂ ಕೊಡಬಹುದು. ದೋಷಾರೋಪ ಹೊರಿಸಿ 90 ದಿನಗಳಾಗುವ ತನಕ ಕಾಯಬೇಕು, 30 ದಿನಗಳ ಅಂತರದಲ್ಲಿ ಎರಡು ವಾರಂಟ್ ಹೊರಡಿಸಿರಬೇಕು ಎಂಬಂಥ ಷರತ್ತುಗಳಿವೆ.

ಓಡಿಹೋದವರು ಎಂದೊಡನೆ ನಮ್ಮವರಿಗೆ ವಿಜಯ್ ಮಲ್ಯ ನೆನಪಾಗುತ್ತಾರೆ. 2019ರ ಜನವರಿ 5ರಂದು ಮುಂಬೈನ ವಿಶೇಷ ನ್ಯಾಯಾಲಯ ಅವರ ಮೇಲೆ ಮಾಡಿದ ಘೋಷಣೆ 100 ಕೋಟಿ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಪ್ರಕರಣಗಳಿಗೆಂದೇ 2018ರಲ್ಲಿ ಮಾಡಿದ ಪ್ರತ್ಯೇಕ ಕಾಯ್ದೆಯಡಿಯದು. ಎರಡು ಲಕ್ಷದ ಚೆಕ್ ಕೇಸಿನವರು ಅಷ್ಟು ದೂರ ಯೋಚಿಸಬೇಕಿಲ್ಲ.

ವಾರಂಟ್ ರದ್ದು ಮಾಡಿಸುವ ದಿನ

ಮುಂದಿನ ವಾಯಿದೆ ಎರಡು ತಿಂಗಳ ನಂತರ ಇದೆ ಎಂದು ಕಾಯುತ್ತ ಕೂರಬೇಡಿ. ಕೇಸನ್ನು ಅಂದಿನ ಪಟ್ಟಿಗೆ ತೆಗೆದುಕೊಳ್ಳಬೇಕೆಂದು ಒಂದು ಅರ್ಜಿ (ವಕೀಲರು ಇದಕ್ಕೆ ‘ಅಡ್ವಾನ್ಸ್ ಮಾಡಿಸುವುದು’ ಎನ್ನುತ್ತಾರೆ), ಕಲಂ 72ರ ಎರಡನೇ ಉಪಕಲಮಿನಡಿ ವಾರಂಟ್ ರದ್ದತಿಗೆ ಇನ್ನೊಂದು ಅರ್ಜಿ. ಎರಡನ್ನೂ ಬೆಳಗಿನ ಕಲಾಪಕ್ಕೆ ಮುಂಚೆ ಕೋರ್ಟಿನ ಕಚೇರಿಗೆ ಕೊಟ್ಟರೆ ಅಂದೇ ಕಡತ ಮೇಲೆ ಬರುತ್ತದೆ. ನೀವು ಖುದ್ದಾಗಿ ಇರಲೇಬೇಕು. ‘ನೀವು ಹಾಕಿ ಸಾರ್, ಆಮೇಲೆ ಬರುತ್ತೇನೆ’ ಎಂದು ವಕೀಲರನ್ನೊಬ್ಬರನ್ನೇ ಕಳುಹಿಸುವುದು ಹೆಚ್ಚಿನ ಕೋರ್ಟುಗಳಲ್ಲಿ ನಡೆಯುವುದಿಲ್ಲ.

ಗೈರಿಗೆ ಕಾರಣ ಬರೆಯುವಾಗ ನಿಜವನ್ನೇ ಬರೆಯಿರಿ. ಆಸ್ಪತ್ರೆಯಲ್ಲಿದ್ದರೆ ಬಿಡುಗಡೆ ಸಾರಾಂಶ, ಮನೆಯಲ್ಲಿ ಸಾವಾಗಿದ್ದರೆ ಮರಣ ಪ್ರಮಾಣಪತ್ರ, ಪ್ರಯಾಣದ ತೊಂದರೆಯಾಗಿದ್ದರೆ ಟಿಕೆಟ್ ಲಗತ್ತಿಸಿ. ಏನೂ ಇಲ್ಲದೆ ದಿನಾಂಕ ತಪ್ಪಾಗಿ ಬರೆದುಕೊಂಡಿದ್ದರೆ ಅದನ್ನೇ ಹೇಳಿ. ನ್ಯಾಯಾಧೀಶರು ದಿನಕ್ಕೆ ಹತ್ತು ಜ್ವರ, ನಾಲ್ಕು ತಿಥಿಗಳ ಕತೆ ಕೇಳುವವರು. ಒಂದೇ ಕ್ಲಿನಿಕ್ಕಿನ ಒಂದೇ ಬರಹದ ಚೀಟಿ ಮೂರನೇ ಸಲ ಬಂದರೆ ಅವರಿಗೆ ತಿಳಿಯದೆ ಇರುವುದಿಲ್ಲ.

ಅರ್ಜಿ ಒಪ್ಪಿದರೆ ವಾರಂಟ್ ರದ್ದಾಗುತ್ತದೆ, ಅನೇಕ ಸಲ ಒಂದಿಷ್ಟು ದಂಡವನ್ನೂ ಕಟ್ಟಬೇಕಾಗುತ್ತದೆ. ಗೈರು ದೀರ್ಘವಾಗಿದ್ದರೆ ಹಳೆಯ ಮುಚ್ಚಳಿಕೆ ರದ್ದಾಗಿ ಹೊಸ ಜಾಮೀನು ಕೇಳುತ್ತಾರೆ. ಆದ್ದರಿಂದ ಜಾಮೀನುದಾರರನ್ನು ಪಹಣಿ ಅಥವಾ ಆಸ್ತಿ ತೆರಿಗೆ ರಸೀದಿ, ಆಧಾರ್, ಭಾವಚಿತ್ರಗಳ ಸಮೇತ ಜೊತೆಗೇ ಕರೆದುಕೊಂಡು ಹೋಗುವುದು ಜಾಣತನ. ಜಾಮೀನುದಾರ ಸಿಗದೆ ಸಂಜೆಯಾದರೆ ಆ ರಾತ್ರಿ ಜೈಲಿನಲ್ಲಿ ಕಳೆಯಬೇಕಾದೀತು. ಎರಡನೇ, ಮೂರನೇ ಸಲದ ಗೈರಾದರೆ ನ್ಯಾಯಾಂಗ ಬಂಧನಕ್ಕೆ ಕಳುಹಿಸುವ ಸಂಭವವನ್ನೂ ವಕೀಲರಿಂದ ಮೊದಲೇ ಕೇಳಿ ತಿಳಿದುಕೊಳ್ಳಿ; ಮನೆಯವರಿಗೂ ಹೇಳಿರಿ.

ಇಷ್ಟಾದ ಮೇಲೆ ಬಹಳ ಜನ ಮಾಡದೆ ಬಿಡುವ ಕೆಲಸವೊಂದಿದೆ. ರದ್ದತಿ ಆದೇಶದ ದೃಢೀಕೃತ ಪ್ರತಿ ಪಡೆಯಿರಿ, ಅದರ ನಕಲನ್ನು ನಿಮ್ಮ ಠಾಣೆಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ, ಒಂದು ಪ್ರತಿಯ ಚಿತ್ರ ಮೊಬೈಲಿನಲ್ಲಿರಲಿ. ಕೋರ್ಟಿನಿಂದ ಠಾಣೆಗೆ ಕಾಗದ ನಡೆಯುವ ವೇಗ ಎಲ್ಲರಿಗೂ ಗೊತ್ತಿರುವುದೇ. 2002ರ ಸ್ವಾತಂತ್ರ್ಯ ದಿನದಂದು ಮುಂಬೈನಲ್ಲಿ ಒಬ್ಬ ವಕೀಲರನ್ನೇ ಹಲ್ಲೆ ಪ್ರಕರಣದ ವಾರಂಟಿನ ಮೇಲೆ ಪೊಲೀಸರು ಹಿಡಿದರು. ಆ ವಾರಂಟ್ ಅಷ್ಟರಲ್ಲಾಗಲೇ ರದ್ದಾಗಿತ್ತು, ತೋರಿಸಲು ಆದೇಶದ ಪ್ರತಿ ಅವರ ಕೈಯಲ್ಲಿರಲಿಲ್ಲ. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2011ರಲ್ಲಿ ವಾರಂಟ್ ಹೊರಡಿಸುವುದಕ್ಕೆ, ರದ್ದುಪಡಿಸುವುದಕ್ಕೆ, ಅದರ ಲೆಕ್ಕ ಇಡುವುದಕ್ಕೆ ಮಾರ್ಗಸೂಚಿಗಳು ಬಂದವು. ಕಾನೂನು ಬಲ್ಲವರಿಗೇ ಹಾಗಾದರೆ ಉಳಿದವರು ಕಾಗದ ಜೊತೆಗಿಟ್ಟುಕೊಳ್ಳುವುದೇ ಮೇಲು.

ವಕೀಲರಿಗೆ ಕೊಡಲು ಹಣವಿಲ್ಲದವರು ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು.

ಜಾಮೀನು ನಿಂತವರ ಕಷ್ಟ

ನೀವು ತಪ್ಪಿಸಿಕೊಂಡರೆ ಕೋರ್ಟಿಗೆ ಸುಲಭವಾಗಿ ಸಿಗುವುದು ನಿಮಗಾಗಿ ಪಹಣಿ ಕೊಟ್ಟ ಸೋದರಮಾವನೋ ಸ್ನೇಹಿತನೋ. ಕಲಂ 491ರಂತೆ ಮುಚ್ಚಳಿಕೆ ಮುಟ್ಟುಗೋಲಾಗಿ, ಬರೆದುಕೊಟ್ಟ ಮೊತ್ತವನ್ನು ಕಟ್ಟಿ ಇಲ್ಲವೇ ಕಾರಣ ತೋರಿಸಿ ಎಂದು ಅವರಿಗೆ ನೋಟಿಸ್ ಹೋಗುತ್ತದೆ. ಕಟ್ಟದಿದ್ದರೆ ದಂಡದಂತೆ ವಸೂಲಿ. ವಸೂಲಾಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲು. ನೋಟಿಸ್ ಬಂದ ಜಾಮೀನುದಾರರು ಸುಮ್ಮನಿರದೆ ಹಾಜರಾಗಿ ತಮ್ಮ ಪ್ರಯತ್ನಗಳನ್ನು ಹೇಳಬೇಕು. ಆರೋಪಿಯನ್ನು ಕರೆತಂದರೆ ಮೊತ್ತದಲ್ಲಿ ಒಂದು ಭಾಗವನ್ನು ಬಿಟ್ಟುಕೊಡುವ ಅಧಿಕಾರ ಕೋರ್ಟಿಗಿದೆ. ಆರೋಪಿಯ ವರಸೆ ಸರಿಯಿಲ್ಲವೆಂದು ಮೊದಲೇ ಅನಿಸಿದರೆ ಕಲಂ 489ರಂತೆ ತಮ್ಮನ್ನು ಜಾಮೀನಿನಿಂದ ಬಿಡುಗಡೆ ಮಾಡಲು ಕೇಳಬಹುದು. ನೆಂಟಸ್ತಿಕೆಯ ಮುಲಾಜಿಗೆ ಬಿದ್ದು ಇದನ್ನು ಕೇಳುವವರು ಕಡಿಮೆ.

ಜಾಮೀನು ಪಡೆದು ಸಕಾರಣವಿಲ್ಲದೆ ಬಾರದಿದ್ದರೆ ನ್ಯಾಯ ಸಂಹಿತೆಯ ಕಲಂ 269ರಂತೆ ನಿಮ್ಮ ಮೇಲೂ ಒಂದು ವರ್ಷದವರೆಗೆ ಶಿಕ್ಷೆಯಾಗಬಲ್ಲ ಹೊಸ ಕೇಸು ಹುಟ್ಟಬಹುದು.

ಹಳೆಯ ಕೇಸು ತಾನಾಗಿ ಸಾಯುವುದಿಲ್ಲ

‘ಹತ್ತು ವರ್ಷವಾಯಿತು, ಮುಗಿದಿರಬೇಕು’ ಎಂಬ ನಂಬಿಕೆ ಹಳ್ಳಿಯಲ್ಲೂ ನಗರದಲ್ಲೂ ಒಂದೇ ಸಮ. ವಾರಂಟಿಗೆ ಅವಧಿ ಮೀರುವುದೆಂಬುದಿಲ್ಲ. ಹೊರಡಿಸಿದ ಕೋರ್ಟು ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಜೀವಂತ. ಹಲವು ಆರೋಪಿಗಳಲ್ಲಿ ಒಬ್ಬ ಸಿಗದಿದ್ದರೆ ಅವನ ಕೇಸನ್ನು ಬೇರ್ಪಡಿಸಿ ಉಳಿದವರದನ್ನು ನಡೆಸುತ್ತಾರೆ. ಅವನದು ಎಲ್‌ಪಿಸಿ, ಅಂದರೆ ದೀರ್ಘಕಾಲ ಬಾಕಿಯ ಪ್ರಕರಣಗಳ ವಹಿಗೆ ಹೋಗುತ್ತದೆ. ಉಳಿದವರೆಲ್ಲ ಖುಲಾಸೆಯಾಗಿ ಮನೆಯಲ್ಲಿದ್ದರೂ ಇವನ ವಾರಂಟ್ ಠಾಣೆಯ ಪಟ್ಟಿಯಲ್ಲಿರುತ್ತದೆ. ಠಾಣೆಗಳು ಆಗಾಗ ಎಲ್‌ಪಿಸಿ ಆರೋಪಿಗಳ ಬೇಟೆಗೆ ಹೊರಟಾಗ ಮದುವೆ ಮನೆಯಲ್ಲೋ ಜಾತ್ರೆಯಲ್ಲೋ ಸಿಕ್ಕಿಬೀಳುವವರು ಇವರೇ. ಇಂಥ ಕೇಸಿಗೆ ತಾವಾಗಿ ಶರಣಾಗುವುದಾದರೆ ಸೋಮವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿ. ಶುಕ್ರವಾರ ಸಂಜೆ ಜಾಮೀನಿನ ಕಾಗದ ಮುಗಿಯದೆ ವಾರಾಂತ್ಯವಿಡೀ ಒಳಗಿರುವುದು ಬೇಡ.

ದೂರದಲ್ಲಿರುವವರಿಗೆ

ಚೆಕ್ ಕೇಸು ನಡೆಯುವುದು ಸಾಮಾನ್ಯವಾಗಿ ಹಣ ಬರಬೇಕಾದವರ ಬ್ಯಾಂಕ್ ಶಾಖೆ ಇರುವ ಊರಿನಲ್ಲಿ. ಬಳ್ಳಾರಿಯವರು ಬೆಂಗಳೂರಿಗೆ, ದುಬೈನಲ್ಲಿರುವ ಕುಂದಾಪುರದವರು ಮೈಸೂರಿಗೆ ಅಲೆಯಬೇಕಾಗುವುದು ಹೀಗೆ. ಪ್ರತಿ ಸಲವೂ ಇ.ಪಿ. ಹಾಕುತ್ತ ಹೋದರೆ ಒಂದು ದಿನ ನ್ಯಾಯಾಧೀಶರ ತಾಳ್ಮೆ ಮುಗಿಯುತ್ತದೆ. ಅದರ ಬದಲು ಕಲಂ 228ರ ಕೆಳಗೆ, ವಿಚಾರಣೆಯ ಉದ್ದಕ್ಕೂ ವಕೀಲರ ಮೂಲಕ ಹಾಜರಾಗಲು ಅನುಮತಿ ಕೇಳಿ. ಆಗ ಕೋರ್ಟು ಬಯಸುವ ಭರವಸೆಗಳು ಮೂರು: ಆರೋಪಿ ನಾನೇ ಎಂಬುದನ್ನು ತಕರಾರು ಮಾಡುವುದಿಲ್ಲ, ನನ್ನ ವಕೀಲರು ಪ್ರತಿ ವಾಯಿದೆಗೂ ಇರುತ್ತಾರೆ, ನಾನಿಲ್ಲದೆ ಸಾಕ್ಷ್ಯ ದಾಖಲಿಸಲು ಆಕ್ಷೇಪವಿಲ್ಲ. ಅನುಮತಿ ಸಿಕ್ಕರೂ ಆರೋಪಕ್ಕೆ ಉತ್ತರಿಸುವ ದಿನ, ಸಾಕ್ಷ್ಯದ ನಂತರ ಆರೋಪಿಯ ಹೇಳಿಕೆ ಪಡೆಯುವ ದಿನ, ತೀರ್ಪಿನ ದಿನ ಕರೆ ಬರಬಹುದು. ಹೊಸ ಸಂಹಿತೆಯ ಕಲಂ 355 ವಿಡಿಯೊ ಮೂಲಕ ಹಾಜರಾಗುವುದನ್ನೂ ಖುದ್ದು ಹಾಜರಿಯೆಂದೇ ಎಣಿಸುತ್ತದೆ. ಆದರೆ ಮೊದಲೇ ಅನುಮತಿ ಪಡೆಯಬೇಕು, ಅಂದು ಬೆಳಗ್ಗೆ ಲಿಂಕ್ ಕೇಳಿದರೆ ಸಿಗುವುದಿಲ್ಲ.

ಜಾಮೀನಿನ ಷರತ್ತಿನಲ್ಲಿ ‘ಅನುಮತಿಯಿಲ್ಲದೆ ದೇಶ ಬಿಡಬಾರದು’ ಎಂದಿದ್ದರೆ ಕೆಲಸದ ವೀಸಾ ಬಂದಿದೆಯೆಂದು ಹೊರಟುಬಿಡಬೇಡಿ. ಬಾಕಿ ವಾರಂಟ್ ಇರುವವರಿಗೆ ಪಾಸ್‌ಪೋರ್ಟ್ ನಿರಾಕರಿಸಲು, ಇದ್ದದ್ದನ್ನು ವಶಪಡಿಸಿಕೊಳ್ಳಲು 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶವಿದೆ. ಅದು ಗೊತ್ತಾಗುವುದು ನವೀಕರಣಕ್ಕೆ ಅರ್ಜಿ ಹಾಕಿದಾಗ, ಅಥವಾ ತಂಗಿಯ ಮದುವೆಗೆಂದು ಬಂದು ವಿಮಾನ ನಿಲ್ದಾಣದಲ್ಲಿ ಇಳಿದಾಗ.

ಸಿವಿಲ್ ದಾವೆಯ ಪ್ರತಿವಾದಿಗಳಿಗೆ

ಇಲ್ಲಿ ಸಾಮಾನ್ಯವಾಗಿ ಬಂಧನವಿಲ್ಲ; ನಷ್ಟ ಮಾತ್ರ ಕೆಲವೊಮ್ಮೆ ಅದಕ್ಕಿಂತ ದೊಡ್ಡದು. ಸಮನ್ಸ್ ತಲುಪಿಯೂ ನೀವು ಹೋಗದಿದ್ದರೆ ನಿಮ್ಮನ್ನು ಏಕಪಕ್ಷೀಯವಾಗಿ ಇಟ್ಟು, ವಾದಿಯ ಮಾತನ್ನಷ್ಟೇ ಕೇಳಿ ಡಿಕ್ರಿ ಮಾಡಬಹುದು. ಡಿಕ್ರಿ ಆಗಿಲ್ಲದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 7ನೇ ನಿಯಮದಡಿ ಅರ್ಜಿ ಹಾಕಿ ಒಳಗೆ ಬನ್ನಿ. ಡಿಕ್ರಿ ಆಗಿಹೋಗಿದ್ದರೆ ಅದೇ ಆದೇಶದ 13ನೇ ನಿಯಮದಡಿ ಅದನ್ನು ಬದಿಗಿರಿಸಲು ಕೇಳಬೇಕು. ಗಡುವು ಡಿಕ್ರಿಯ ದಿನದಿಂದ 30 ದಿನ. ಸಮನ್ಸೇ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನ. ತಡವಾದರೆ ವಿಳಂಬ ಮನ್ನಿಸಲು ಪ್ರತ್ಯೇಕ ಅರ್ಜಿ ಬೇಕು, ಪ್ರತಿ ದಿನದ ತಡಕ್ಕೂ ಸಮಜಾಯಿಷಿ ಹುಡುಕಬೇಕು. ವಿಷಯ ತಿಳಿದ ದಿನವನ್ನು ತೋರಿಸುವ ಕಾಗದ, ಅದು ಅಮೀನರು ತಂದ ನೋಟಿಸೇ ಇರಲಿ, ಅಂಚೆ ಲಕೋಟೆಯೇ ಇರಲಿ, ದಿನಾಂಕದ ಮುದ್ರೆಯ ಸಮೇತ ಇಟ್ಟುಕೊಳ್ಳಿ. ಜೀವನಾಂಶದ ಕೇಸಿನಲ್ಲಿ ಬೇಕೆಂದೇ ತಪ್ಪಿಸಿಕೊಂಡ ಗಂಡನ ವಿರುದ್ಧವೂ ಏಕಪಕ್ಷೀಯ ಆದೇಶ ಆಗುತ್ತದೆ. ಅದನ್ನು ಪ್ರಶ್ನಿಸಲು ಮೂರು ತಿಂಗಳಿದೆ. ಅಷ್ಟರಲ್ಲಿ ಬಾಕಿ ಮೊತ್ತ ಬೆಳೆಯುತ್ತಲೇ ಇರುತ್ತದೆ, ಅದರ ವಸೂಲಿಗೆ ಮಾತ್ರ ಬಂಧನದ ವಾರಂಟ್ ಹೊರಡುತ್ತದೆ.